ಉಜ್ಜದೆ ಬಿಟ್ಟ ಗೆರೆ

ಮಿಲೊಸ್ಲಾವ್ ಮೂವತ್ತೊಂದು ವರ್ಷ
ಉಕ್ಕಿನ ಅಲಗುಗಳ ಮುಖ ತಿಕ್ಕಿದವನು.
ಮೊದಲು ಒರಟು ಉಪ್ಪುಕಾಗದ, ಆಮೇಲೆ ನಯದ್ದು, ಆಮೇಲೆ ಉಣ್ಣೆ,
ಕೊನೆಗೆ ಬರಿ ಹೆಬ್ಬೆರಳು.
ಅವನು ಕೈಬಿಟ್ಟ ಚಕ್ರದಲ್ಲಿ
ಕಾರ್ಖಾನೆಯ ಕಿಟಕಿಗಳೆಲ್ಲ ಕಾಣುತ್ತಿದ್ದವು,
ಬ್ರನೊ ಊರಿನ ಬೂದು ಆಕಾಶವೂ, ನನ್ನ ಹಲ್ಲಿನ ಸಂದಿಯೂ.
ಗುಂಬದ ಕೆಳಗೆ ಸಣ್ಣದೊಂದು ಮುದ್ರೆ: ೧೭.
ಅದು ಅವನು.

ನನ್ನದು ಪರೀಕ್ಷೆಯ ಕೋಣೆ.
ಗಾಜಿನಾಚೆ ನಿಮಿಷಕ್ಕೆ ಇಪ್ಪತ್ತೆರಡು ಸಾವಿರ ಸುತ್ತು,
ಈಚೆ ನಾನು, ಥರ್ಮಾಸಿನ ಚಹಾ, ಒಂದು ವಾಲ್ವು.
ತಿರುಪುತ್ತ ಹೋಗಬೇಕು, ದಾರಿ ಕಿರಿದಾಗುತ್ತ ಹೋಗಬೇಕು.
ಎಲ್ಲೋ ಒಂದು ಕಡೆ ಗಾಳಿಗೆ ಸಾಕಾಗುತ್ತದೆ;
ಬಂದ ದಾರಿಗೆ ಸುಂಕವಿಲ್ಲವೆಂದು
ತಿರುಗಿಬಿಡುತ್ತದೆ.
ಧಡ್.
ಕೊಳವೆ ಕೆಮ್ಮುತ್ತದೆ, ನೆಲ ಕೆಮ್ಮುತ್ತದೆ, ಚಹಾದಲ್ಲಿ ಉಂಗುರ.
ಎಷ್ಟರಲ್ಲಿ ಕೆಮ್ಮಿತು?
ಅಷ್ಟನ್ನು ಬರೆದುಕೊಳ್ಳುವುದಕ್ಕೆ ನನಗೆ ಸಂಬಳ.

ಇವೆತಾ ಬಂದದ್ದು ಫೆಬ್ರವರಿಯಲ್ಲಿ,
ಬೂಟಿಗೆ ಮೆತ್ತಿದ ಹಿಮ ಕೊಡವುವ ಮುಂಚೆಯೇ
'ಉಜ್ಜಬೇಡಿ' ಅಂದಳು.
ಗೆರೆಗಳು ಇರಲಿ, ಕೂದಲೆಳೆಯಷ್ಟು ಆಳ,
ಗಾಳಿ ಹೋಗುವ ದಿಕ್ಕಿಗೇ ಇರಲಿ.
ಅಲಗಿಗೆ ಅಂಟಿಕೊಂಡು ತೂಕಡಿಸುವ ಗಾಳಿಯಿದೆಯಲ್ಲ,
ಅದು ಅಡ್ಡಡ್ಡ ಸರಿದು ಮೂಲೆಯಲ್ಲಿ ಗುಂಪು ಕಟ್ಟದೆ
ಗೆರೆ ಹಿಡಿದು ನಡೆಯಲಿ.

ಮಿಲೊಸ್ಲಾವ್ ಕನ್ನಡಕ ಒರೆಸಿದ.
ಇನ್ನೊಂದು ಸಲ ಒರೆಸಿದ.
'ಇದಕ್ಕೂ ಹದಿನೇಳು ಒತ್ತುತ್ತೀರಾ?'
ಯಾರೂ ಹೂಂ ಅನ್ನಲಿಲ್ಲ.

ಗುರುವಾರ. ಹಳೆಯ ಚಕ್ರ ಕೆಮ್ಮುತ್ತಿದ್ದದ್ದು ನಲವತ್ತೊಂದರಲ್ಲಿ.
ನಲವತ್ತೊಂದು: ಸದ್ದಿಲ್ಲ.
ನಲವತ್ತು.
ಅವನು ನನ್ನ ಬೆನ್ನ ಹಿಂದೆ, ಕೋಟು ತೊಟ್ಟು,
ಟ್ರಾಮಿಗೆ ಹೊರಟವನ ಹಾಗೆ, ಹೊರಡದೆ.
ಮೂವತ್ತೆಂಟು. ವಾಲ್ವಿನ ಚಕ್ರ ನನ್ನ ಅಂಗೈಯಲ್ಲಿ ಬೆವರಿತು.
ಮೂವತ್ತಾರಕ್ಕೂ ಚಹಾ ಚಹಾದಂತೆಯೇ ಇತ್ತು.
ಮೂವತ್ತೈದಕ್ಕೆ ಒಂದು ಸಣ್ಣ ಕೆಮ್ಮು,
ಸಭೆಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡಷ್ಟು.

ದಕ್ಷತೆ ಅರ್ಧ ಅಂಶ ಕಡಿಮೆಯಾಗಿತ್ತು.
ಅದನ್ನು ಮೊದಲು ಹೇಳಿದವಳು ಇವೆತಾಳೇ,
ಯಾರೋ ಬೈದವರಿಗೆ ಉತ್ತರ ಕೊಡುವವಳಂತೆ.

ಚಕ್ರ ಆರಿದ ಮೇಲೆ ಅವನು ಹೆಬ್ಬೆರಳಿಟ್ಟ.
ನಡುವಿನಿಂದ ಅಂಚಿಗೆ: ಜಾರಿತು.
ಅಡ್ಡ ಎಳೆದ: ಕಚ್ಚಿತು.
ಮತ್ತೆ ಜಾರಿಸಿದ, ಮತ್ತೆ ಕಚ್ಚಿಸಿಕೊಂಡ.
ತುಂಬ ಹೊತ್ತು.
'ಆರನೇ ಅಲಗಿನಲ್ಲಿ ಗೆರೆ ಸೊಟ್ಟ,' ಅಂದ,
'ಯಾರು ಕೊರೆದದ್ದು?'
'ಯಂತ್ರ.'

ಕೋಟು ಬಿಚ್ಚಿ ಕುರ್ಚಿಗೆ ಹಾಕಿದ.
ದೀಪ ಹತ್ತಿರಕ್ಕೆ ಎಳೆದುಕೊಂಡ.