ಎಂಟು ಚೀಟಿ

ಪಟಗೋನಿಯಾದ ಈ ದಂಡೆಯಲ್ಲಿ ಅಕ್ಟೋಬರ್ ಎಂದರೆ ಗದ್ದಲ,
ಆನೆಸೀಲುಗಳು ಹೆರಲು ಬರುವ ತಿಂಗಳು.
ಆ ಸಲ ಗಾಳಿಯೊಂದೇ ಮಾತಾಡುತ್ತಿತ್ತು.

ವೆನ್ಸೆಸ್ಲಾವೊ ನಹುಯೆಲ್ಕಿರ್, ಇಪ್ಪತ್ತಾರು ವರ್ಷದಿಂದ ಇಲ್ಲಿ ಕಾವಲುಗಾರ,
ಸತ್ತ ಒಂದೊಂದು ಮರಿಯ ಪಕ್ಕ
ಕೋಲಿನಿಂದ ಮರಳಲ್ಲಿ ಗೀರೆಳೆಯುತ್ತ ನಡೆದ.
ಹಿಂದೆ ನಾನು, ಎರಡು ಜೊತೆ ಕೈಗವಸು,
ಹತ್ತಿ ಸುತ್ತಿದ ಕಡ್ಡಿ:
ಮೂಗಿಗೊಂದು, ಬಾಯಿಗೊಂದು, ಮಿದುಳಿಗೊಂದು.
ಹುಟ್ಟಿನ ಕರಿ ತುಪ್ಪಳ ಇನ್ನೂ ಉದುರಿರಲಿಲ್ಲ. ಹಾಲಿನ ವಾಸನೆ.
ಇನ್ನೂರು ಗೀರಾದ ಮೇಲೆ ಕೋಲು ಬಿಸಾಡಿದ.
"ಬದುಕಿರುವುದನ್ನು ಎಣಿಸೋಣ," ಅಂದ, "ಬೇಗ ಮುಗಿಯುತ್ತದೆ."

ಸಂಜೆ ಠಾಣೆಯಲ್ಲಿ ಮಾಟೆ ಸೊಪ್ಪಿಗೆ ನೀರು ಕಾಯಿಸಿದ.
ಇಲ್ಲಿಯ ರೂಢಿ: ಒಂದು ಬುರುಡೆ, ಒಂದೇ ಕೊಳವೆ, ಎಲ್ಲರ ತುಟಿ.
ಆ ವರ್ಷ ಅವನದು ಅವನಿಗೆ, ನನ್ನದು ನನಗೆ.
"ಒಳಗೆ ಹೋಗಿ ಏನು ಮಾಡುತ್ತದೆ ಅದು?
ಪುಸ್ತಕದ ಮಾತು ಬೇಡ."

ಎಂಟು ಚೀಟಿ, ಅಂದೆ. ಅಷ್ಟೇ ಅದರ ಆಸ್ತಿ.
ಬಾಯಿಲ್ಲ, ಹೊಟ್ಟೆಯಿಲ್ಲ, ಸ್ವಂತ ಒಲೆಯಿಲ್ಲ.
ಮೈತುಂಬ ಮುಳ್ಳು, ಅದರಲ್ಲೂ ಎರಡು ಜಾತಿ.
ಒಂದು ಹೀಮಗ್ಲುಟಿನಿನ್. ಜೀವಕೋಶದ ಬಾಗಿಲಲ್ಲಿ
ತೋರಣದಂತೆ ತೂಗುವ ಸಕ್ಕರೆಯನ್ನು ಹುಡುಕಿ ಹಿಡಿಯುತ್ತದೆ.
ತೋರಣ ಹಿಡಿದು ನಿಂತವನು ನೆಂಟನೇ ಇರಬೇಕೆಂದು
ಕೋಶ ಒಳಗೆ ಕರೆದುಕೊಳ್ಳುತ್ತದೆ.
ಅಲ್ಲಿ ಹುಳಿ ಏರುತ್ತದೆ. ಆ ಹುಳಿಗೇ
ಮುಳ್ಳು ಮಡಚಿ, ಮಗುಚಿ, ಗೋಡೆಗೆ ಕನ್ನ ಕೊರೆಯುತ್ತದೆ.
ಎಂ-ಎರಡು ಎಂಬ ಪುಟ್ಟ ತೂಬು ಹುಳಿಯನ್ನು ಒಳಕ್ಕೆ ಬಿಟ್ಟು
ಗಂಟು ಸಡಿಲಿಸುತ್ತದೆ.

"ಆಮೇಲೆ?"

ಆಮೇಲೆ ನಡುಮನೆಗೆ. ಅಲ್ಲಿ ಮನೆಯವರ ಪತ್ರಗಳಿವೆ.
ಇದರ ಪಾಲಿಮರೇಸ್ ಆ ಪತ್ರಗಳ ತಲೆ ಕತ್ತರಿಸಿ
ಕದ್ದ ಪೇಟವನ್ನು ತನ್ನ ಪತ್ರಕ್ಕೆ ತೊಡಿಸುತ್ತದೆ.
ಪೇಟ ಕಂಡ ಅಡಿಗೆಯವರು ನಂಬಿ ಬಡಿಸುತ್ತಾರೆ.
ಎನ್‌ಎಸ್-ಒಂದು ಎಂಬುದು ಅಷ್ಟೂ ಹೊತ್ತು
ಕೂಗುವ ಬಾಯಿಗೆ ಬಟ್ಟೆ ತುರುಕುತ್ತಿರುತ್ತದೆ,
ನೆರೆಮನೆಗೆ ಕೇಳಬಾರದು.
ಉಂಡ ಮನೆಯ ಜಂತೆ ಎಣಿಸುವವರನ್ನು ಕಂಡಿದ್ದೇವೆ;
ಇದು ಜಂತೆ ಕಿತ್ತು ಮರಿಗಳಿಗೆ ಮನೆ ಕಟ್ಟುತ್ತದೆ,
ಹೊರಡುವಾಗ ಮನೆಯೊಡೆಯನ ಕಂಬಳಿಯನ್ನೇ ಹೊದೆಯುತ್ತದೆ.
ಹೊಸ್ತಿಲಲ್ಲಿ ಮತ್ತೆ ಅದೇ ಸಕ್ಕರೆ, ಅಂಟು.
ಆಗ ಎರಡನೆಯ ಮುಳ್ಳು, ನ್ಯೂರಮಿನಿಡೇಸ್.
ಕತ್ತರಿ. ಕಚಕ್.

ಇಡೀ ಠಾಣೆಯಲ್ಲಿ ಸಿಹಿ ಹಾಕಿ ಕುಡಿಯುವವನು ಅವನೊಬ್ಬನೇ.
ಡಬ್ಬಿಯನ್ನೊಮ್ಮೆ ನೋಡಿ ಮುಚ್ಚಳ ಒತ್ತಿದ.
"ಹಕ್ಕಿಗಳ ಜ್ವರ ಅಂತಿದ್ದರಲ್ಲ?"

ಉತ್ತರ ಬ್ಯೂನಸ್ ಐರಿಸ್‌ನಿಂದ ಬರಲು ಮೂರು ವಾರ.
ಮೊದಲನೆಯ ಚೀಟಿ ಹೆಣೆಯುವುದು
ಏಳುನೂರ ಐವತ್ತೊಂಬತ್ತು ಮಣಿಯ ಸರ.
ಏಳುನೂರ ಒಂದನೆಯ ಮಣಿ ಬೇರೆ,
ಹಾಲುಣಿಸುವವರ ನಡುಮನೆಯ ದಾರಿ ಬಲ್ಲದ್ದು.
ರೇಡಿಯೋದಲ್ಲಿ ಓದಿ ಹೇಳಿದೆ.
ಬಹಳ ಹೊತ್ತು ಬರೀ ಗರಗರ.
"ಒಂದೇ ಮಣಿ?"
ಒಂದೇ ಅಲ್ಲ, ಇನ್ನೂ ಇವೆ, ಇದೇ ಕಾರಣ ಅಂತಲ್ಲ, ತಡವರಿಸಿದೆ.
ಅದಕ್ಕೆ ಹಗೆಯಿಲ್ಲ, ಅವಸರದಲ್ಲಿ ನಕಲು ತೆಗೆಯುವವನ
ಕೈತಪ್ಪು, ಎಂದೂ ಹೇಳಿದೆ.
"ಕೈತಪ್ಪಿ ನಮ್ಮಜ್ಜಿ ಸಾರಿಗೆ ಉಪ್ಪು ಹೆಚ್ಚು ಹಾಕುತ್ತಿದ್ದಳು,"
ಅಂದವನೇ ಇಟ್ಟುಬಿಟ್ಟ.

ಮತ್ತೆ ಅಕ್ಟೋಬರ್.
ದಂಡೆ ತುಂಬಿಲ್ಲ, ಖಾಲಿಯೂ ಇಲ್ಲ.
ಕೋಲು ಬಂಡೆಯ ಬುಡದಲ್ಲಿ ಸಿಕ್ಕಿತು, ಉಪ್ಪು ಹಿಡಿದು ಬೆಳ್ಳಗೆ.
ಒಬ್ಬ ತಾಯಿ, ಪಕ್ಕದಲ್ಲಿ ಒದ್ದೆ ಕರಿ ಮುದ್ದೆ, ನಿನ್ನೆ ರಾತ್ರಿಯದಿರಬೇಕು.
ಹತ್ತು ಹೆಜ್ಜೆ ದೂರದಲ್ಲೇ ಕೂತೆವು.

ಮರಿ ಸೀನಿತು.

ನಾನು ಅವನನ್ನು ನೋಡಲಿಲ್ಲ, ಅವನು ನನ್ನನ್ನು ನೋಡಲಿಲ್ಲ.
"ಮರಳು," ಅಂದ ಕೊನೆಗೆ.
"ಮೂಗಿಗೆ ಮರಳು ಹೋಗಿರಬೇಕು."