ಮಾಡುಹಲ್ಲು

ಡಾಕ್ಟರು ಸಕ್ರೆಬೈಲಿಗೆ ಒಂದು ಹಲ್ಲು ತಂದಿದ್ದರು,
ಹಳೇ ಪೇಪರಿನಲ್ಲಿ ಸುತ್ತಿ, ಬೇಕರಿಯಿಂದ ಬನ್ನು ತಂದ ಹಾಗೆ.
ನಿಜದ್ದಲ್ಲ, ಪ್ಲಾಸ್ಟರಿನ ಅಚ್ಚು.
ನಿಜದ್ದು ಉತ್ತರದ ಬೆಟ್ಟಗಳ ಬುಡದಲ್ಲಿ ಕಲ್ಲಾಗಿ ಸಿಕ್ಕಿದ್ದಂತೆ.
ನಾನು ಔಷಧಿ ಪೆಟ್ಟಿಗೆ ಹಿಡಿದು ಹಿಂದೆ ನಿಂತಿದ್ದೆ.

ಕಾವಾಡಿ ಖುದ್ದೂಸ್ ಲುಂಗಿಗೆ ಕೈ ಒರೆಸಿ ಇಸಿದುಕೊಂಡ.
ಹೆಬ್ಬೆರಳು ಹತ್ತಿತು, ಇಳಿಯಿತು, ಮತ್ತೆ ಹತ್ತಿತು.
‘ಹಂಚಿನ ಮನೆ ಸಾಲು ಇದ್ದಂಗಿದೆ. ಮಾಡಿನ ಪಕ್ಕ ಮಾಡು.’
ಹೆಸರಿನ ಅರ್ಥವೂ ಅದೇ ಮಾರಾಯ, ಅಂದರು ಡಾಕ್ಟರು,
ಸ್ಟೆಗೊಡಾನ್. ಆನೆಯ ದೊಡ್ಡಪ್ಪನ ಕಡೆಯವರು.
ಒಬ್ಬರೂ ಉಳಿದಿಲ್ಲ.

ಮೊಬೈಲಿನಲ್ಲಿ ಚಿತ್ರ:
ಎರಡಾಳುದ್ದದ ದಂತಗಳು
ಬುಡದಲ್ಲಿ ಎಷ್ಟು ಒತ್ತಾಗಿವೆಯೆಂದರೆ
ನಡುವೆ ಹಗ್ಗ ಕೂಡ ಇಳಿಯದು.
ಖುದ್ದೂಸ್ ಎರಡು ಬೆರಳಲ್ಲಿ ಹಿಗ್ಗಿಸಿದ, ಕುಗ್ಗಿಸಿದ.
ಎಷ್ಟು ಲಕ್ಷ ವರ್ಷ ಅಂತ ಕೇಳಲಿಲ್ಲ,
ಯಾಕೆ ಸತ್ತವು ಅಂತಲೂ.
‘ಸೊಂಡ್ಲು ಎಲ್ಲಿಡ್ತಿತ್ತು ಸಾರ್?’

ದಂತದ ಮೇಲಿಂದ ಒಂದು ಪಕ್ಕಕ್ಕೆ ಹಾಕ್ಕೊಳ್ತಿತ್ತು ಅಂತಾರೆ.

‘ಎಡಕ್ಕಾ, ಬಲಕ್ಕಾ?’

ಡಾಕ್ಟರು ನಕ್ಕರು. ಅವನು ನಗಲಿಲ್ಲ.
ಮೂವತ್ತು ವರ್ಷ ಕಿವಿಯ ಹಿಂದೆ ಕೂತು
ಕಾಲ್ಬೆರಳಲ್ಲಿ ಮಾತಾಡಿದವನು.
ಕುಸುರೆ ಯಾವ ಕಡೆಯಿಂದ ಕೊಡಬೇಕು,
ತುಂಗೆಯಲ್ಲಿ ಯಾವ ಮಗ್ಗುಲಿಗೆ ಮಲಗಿಸಿ ತಿಕ್ಕಬೇಕು,
ಇದು ಗೊತ್ತಿಲ್ಲದೆ ಆನೆ ಅಂತ ಹೆಂಗೆ ಹೇಳೋದು?

ಹಲ್ಲನ್ನು ಇಂದುಮತಿಯ ಮುಂದೆ ಹಿಡಿದ.
ಅವಳು ಮೂಸಿದಳು: ಸುಣ್ಣ, ಅವನ ಬೆವರು, ಇನ್ನೇನಿಲ್ಲ.
ಮೆಲ್ಲಗೆ ಎತ್ತಿ ತನ್ನ ಎಡಕ್ಕಿಟ್ಟಳು.
‘ಎಡಕ್ಕೆ,’ ಅಂದ ಖುದ್ದೂಸ್, ‘ಬರ್ಕೊಳ್ಳಿ ಸಾರ್.’

ಆಮೇಲೆ ಬಂದ ಕೆಲಸ.
ಅವಳ ಬಾಯಿಗೆ ಡಾಕ್ಟರು ಮೊಣಕೈವರೆಗೆ ಕೈ ಹಾಕಿದರು.
ಆರನೆಯದು. ಕೊನೆಯದು. ಇದಾದ ಮೇಲೆ ಹುಟ್ಟುವುದಿಲ್ಲ.
ಬಾ, ನೀನೂ ಮುಟ್ಟು, ಅಂತ ನನ್ನನ್ನು ಕರೆದರು.
ಬಿಸಿ ಉಸಿರು, ನಾಲಗೆ, ಅದರಾಚೆ
ಹೊಳೆಕಲ್ಲಿನ ನುಣುಪು.
ಏಣಿಲ್ಲ, ಇಳಿಜಾರಿಲ್ಲ.
ಮಾಡೆಲ್ಲ ಸವೆದು ಬರೀ ಬೈಲು.

ನೆಲದಲ್ಲಿ ಅರ್ಧ ಅಗಿದು ಉಗುಳಿದ ಕುಸುರೆ,
ಲದ್ದಿಯಲ್ಲಿ ಹಾಗೇ ಇಳಿದ ಹುಲ್ಲಿನ ಎಳೆ.
ಗಂಜಿ ಮಾಡಿ ಹಾಕು, ಬೆಲ್ಲ ಸ್ವಲ್ಪ ಜಾಸ್ತಿ ಇರಲಿ.
‘ಹಾಕ್ತಾ ಇದೀನಿ, ದೀಪಾವಳಿಯಿಂದ.’
ಯಾರೂ ಹೇಳದೆಯೇ ಅವನಿಗೆ ಗೊತ್ತಿತ್ತು.

ಹಲ್ಲು ಮತ್ತೆ ಪೇಪರಿಗೆ ಹೋಯಿತು.
ಜೀಪು ಗಾಜನೂರಿನ ಕಡೆ ತಿರುಗುವಾಗ
ಕತ್ತಿ ಹಿಡಿದೇ ಓಡಿಬಂದ, ಮೈಯೆಲ್ಲ ಹುಲ್ಲಿನ ಚೂರು,
ಕಿಟಕಿಗೆ ಬಗ್ಗಿ ಕೇಳಿದ:

‘ಸಾರ್, ಅದರ ಮರಿ
ಯಾವ ಪಕ್ಕ ನಿಲ್ತಿತ್ತು?’