ತಲೆ ಸವರಿದ ಸೇರು

ದಾವಣಗೆರೆ ಕೋರ್ಟಿನ ಗೋಡೆಗೆ ಒರಗಿ
ಮೇಜು, ಜೆರಾಕ್ಸು, ಕೀಲಿ ಸವೆದ ಟೈಪ್‌ರೈಟರು, ನಾನು.

ಮಂಡಕ್ಕಿ ಭಟ್ಟಿಯ ಮೆಹಬೂಬಿ ಬಂದಳು,
ಹುಬ್ಬಿನ ಮೇಲೆ ಇನ್ನೂ ಹೊಟ್ಟಿನ ಮಸಿ.
"ನಮ್ಮ ದಾದಾಪೀರ ಆಟೋ ಗುದ್ದಿಸಿಲ್ಲ ಅಂತ ಬರೀರಿ."

"ಗುದ್ದಿಸೀನಿ ಅಂತ ಸಹಿ ಹಾಕ್ಯಾನಲ್ಲಮ್ಮ."

"ದಂಡದಾಗ ಮುಗೀತೈತಿ, ಒಪ್ಪಿಕೋ ಅಂದ್ರು ವಕೀಲರು.
ಒಪ್ಪಿದ.
ಎಂಟು ತಿಂಗಳು ಕೊಟ್ರು."

ತಪ್ಪಿನ ಮಾತು ಮತ್ತೆ ಎತ್ತುವಂತಿಲ್ಲ, ಅಂದೆ;
ಕೇಳಬಹುದಾದದ್ದು ಅಳತೆಯನ್ನಷ್ಟೇ.
ಅದಕ್ಕೂ ಮೂವತ್ತೇ ದಿನ. ಇಪ್ಪತ್ತಾರು ಆಗಿಹೋಗಿವೆ.

ಅಳತೆ ಅಂದದ್ದೇ ತಡ, ಮುಖ ಎತ್ತಿದಳು.
"ಅಳತೆ ನಂಗೊತ್ತೈತಿ.
ಗೋಪುರ ಏರಿಸಿ ಕೊಟ್ಟಾರ ಸಾಹೇಬ್ರು,
ತಲೆ ಸವರಿ ಕೊಡ್ಲಿ ಅಂತ ಬರೀರಿ."
ಅವಳ ಅಂಗೈ ಗಾಳಿಯಲ್ಲೇ
ಸೇರಿನ ಬಾಯಿ ಸವರಿತು.

ಒತ್ತಿದೆ: ಶಿಕ್ಷೆಯ ಪ್ರಮಾಣ ಹೆಚ್ಚಾಗಿದ್ದು...
'ಹ' ಎಂದಿನಂತೆ ಅರ್ಧವೇ ಮೂಡಿತು.
ಪೆನ್ನಿನಲ್ಲಿ ತಿದ್ದಿ ಕೊಟ್ಟೆ.

ಹಾಳೆ ಸೆರಗಿನಲ್ಲಿ ಮಡಿಚಿ, ಎರಡು ಹೆಜ್ಜೆ ಹೋದವಳು
ತಿರುಗಿ ಬಂದು, ಮೆಲ್ಲಗೆ:
"ಆ ಮುದುಕನ ಕಾಲು ಹೋತಲ್ರೀ,
ಅದನ್ನ ಎಷ್ಟು ಸೇರು ಅಂತ ಹಿಡದಿರಬೇಕು?"

ಹಿಂದೆ ನಿಂತವನು ಚಿಲ್ಲರೆ ಚಾಚಿ
ಎರಡು ಜೆರಾಕ್ಸು ಅಂದ.